ಹಳೆಯ ಲ್ಯಾಪ್‌ಟಾಪಿನ ಪಕ್ಕದ ಕಿಂಡಿ

ಮಾನ್ಯರೇ,

ಲ್ಯಾಪ್‌ಟಾಪಿಗೆ ಹತ್ತು ವರ್ಷ ದಾಟಿತೆಂದರೆ ನಮ್ಮ ಬಾಗಲಕೋಟೆಯ ಅಂಗಡಿಗಳಲ್ಲಿ ಅದನ್ನು ತಿರುವಿಯೂ ನೋಡದೆ ‘ಹೊಸದು ತಗೋರಿ’ ಎನ್ನುವುದು ರೂಢಿಯಾಗಿಬಿಟ್ಟಿದೆ. ಮುಳುಗಡೆಗೆ ಮುಂಚಿನ ಹಳೆ ಊರಿನ ಓಣಿಗಳ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಕೂಡಿಡುತ್ತಿರುವ ನನಗೆ 2009ರ ಲ್ಯಾಪ್‌ಟಾಪೇ ಸಾಕು. ತೊಡಕಿದ್ದುದು ಅದರ ಯುಎಸ್‌ಬಿ 2.0 ಪೋರ್ಟಿನಲ್ಲಿ ಮಾತ್ರ. ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಮೆಗಾಬೈಟ್, ಎಂಬುದು ಕಾಗದದ ಮೇಲಿನ ವೇಗ. ಕೈಗೆ ಸಿಗುವುದು ಸುಮಾರು 30 ಮೆಗಾಬೈಟ್. 60 ಜಿಬಿ ಚಿತ್ರಗಳು ಹೊರಗೆ ಸಿಕ್ಕಿಸುವ ಹಾರ್ಡ್‌ಡಿಸ್ಕಿಗೆ ಇಳಿಯಲು ಅರ್ಧ ಗಂಟೆ ಮೀರುತ್ತಿತ್ತು.

ಆ ಕಾಲದ ಎಷ್ಟೋ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ಹೆಚ್ಚುವರಿ ಕಾರ್ಡುಗಳಿಗೆಂದೇ ಇರುವ ಎಕ್ಸ್‌ಪ್ರೆಸ್‌ಕಾರ್ಡ್ ಕಿಂಡಿಯಿದ್ದು, ಹೆಚ್ಚು ವೇಗದ ಯುಎಸ್‌ಬಿ 3.0 ಪೋರ್ಟಿರುವ ಕಾರ್ಡನ್ನು ಅದರಲ್ಲಿ ಕೂಡಿಸಬಹುದು. ಆದರೆ ಇದಕ್ಕೂ ಮುಂಚಿನ ಕಾರ್ಡ್‌ಬಸ್ ಕಿಂಡಿಯ ಅಗಲ 54 ಮಿ.ಮೀ., ಎಕ್ಸ್‌ಪ್ರೆಸ್‌ಕಾರ್ಡಿನಲ್ಲಿ 34 ಮತ್ತು 54 ಎರಡೂ ಅಳತೆಗಳಿರುವುದರಿಂದ, ಗೊತ್ತಿಲ್ಲದವರು ಒಂದರ ಬದಲು ಇನ್ನೊಂದನ್ನು ಕಟ್ಟಿ ಕೊಡುತ್ತಾರೆ. ನನಗೂ ಹಾಗೆಯೇ ಆಯಿತು. ಕಾರ್ಡ್ ಒಳಗೆ ಹೋಗಲಿಲ್ಲ, ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

ಸರಿಯಾದ ಕಾರ್ಡ್ ತರಿಸಿದ ಮೇಲೂ ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ಪರದೆಯಿಂದ ಮಾಯವಾಗುತ್ತಿತ್ತು. ಡಿಸ್ಕ್ ಕೆಟ್ಟಿತೆಂದು ಎರಡು ದಿನ ಕೊರಗಿದೆ. ಕಾರಣ ಇಷ್ಟೇ: ಆ ಕಿಂಡಿ ಕೊಡುವುದು 3.3 ಮತ್ತು 1.5 ವೋಲ್ಟ್, ಯುಎಸ್‌ಬಿಗೆ ಬೇಕಾದದ್ದು 5 ವೋಲ್ಟ್. ಕೆಲಸಕ್ಕೆ ಬಾರದ್ದೆಂದು ನಾನು ಡಬ್ಬಿಯಲ್ಲೇ ಬಿಟ್ಟಿದ್ದ ತೆಳುವಾದ ವೈರಿನ ಒಂದು ತುದಿಯನ್ನು ಕಾರ್ಡಿಗೂ ಇನ್ನೊಂದನ್ನು ಲ್ಯಾಪ್‌ಟಾಪಿನ ಹಳೆಯ ಪೋರ್ಟಿಗೂ ಸಿಕ್ಕಿಸಿದ ಕೂಡಲೇ ಆ 5 ವೋಲ್ಟ್ ಸಿಕ್ಕಿ ಡಿಸ್ಕ್ ಮಾಯವಾಗುವುದು ತಪ್ಪಿತು. ಈಗ ಅದೇ 60 ಜಿಬಿಗೆ ಹತ್ತು ನಿಮಿಷ. ಕಿಂಡಿಯಿಂದ ಲ್ಯಾಪ್‌ಟಾಪಿನ ಒಳಕ್ಕೆ ಮಾಹಿತಿ ಹರಿಯಲು ಇರುವುದು ಒಂದೇ ಪಿಸಿಐ ಎಕ್ಸ್‌ಪ್ರೆಸ್ ಹಾದಿಯಾದ್ದರಿಂದ ಸೆಕೆಂಡಿಗೆ 250 ಮೆಗಾಬೈಟಿಗಿಂತ ಹೆಚ್ಚು ಹರಿಯದು, ನಿಜ; ತಿರುಗುವ ಹಾರ್ಡ್‌ಡಿಸ್ಕ್ ತಾನೇ ಅಷ್ಟು ಓಡುವುದಿಲ್ಲವಾದ್ದರಿಂದ ನನಗೆ ಅದರ ಚಿಂತೆಯಿಲ್ಲ. ವಿಂಡೋಸ್ 7 ಬಳಸುವವರು ಮಾತ್ರ ಕಾರ್ಡಿನ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಹಾಕಿಕೊಳ್ಳಬೇಕು.

ಕಾರ್ಡ್ ಮಾರುವವರು ಅದು ಯಾವ ಕಿಂಡಿಗೆ, ಎಷ್ಟು ಅಗಲದ್ದು, ಹೊರಗಿನ ವಿದ್ಯುತ್ ಬೇಕೋ ಬೇಡವೋ ಎಂಬ ಮೂರು ಮಾತನ್ನು ಬಿಲ್ಲಿನ ಮೇಲೆ ಕನ್ನಡದಲ್ಲಿ ಬರೆದುಕೊಡಲಿ. ಕೊಳ್ಳುವವರು ಅಂಗಡಿಗೆ ಲ್ಯಾಪ್‌ಟಾಪನ್ನೇ ಒಯ್ಯುವುದು ಲೇಸು. ಕಿಂಡಿಯಲ್ಲಿ ದೂಳು ತಡೆಯಲೆಂದು ಕೂಡಿಸಿದ ಪ್ಲಾಸ್ಟಿಕ್ ತುಂಡಿರುತ್ತದೆ, ಒತ್ತಿದರೆ ಹೊರಬರುತ್ತದೆ. ನಮ್ಮ ಮನೆಯಲ್ಲಿ ಅದು ಇಷ್ಟು ವರ್ಷ ಮೊಮ್ಮಗನ ಆಟಿಕೆಯಾಗಿತ್ತು.

– ಓದುಗ, ವಿದ್ಯಾಗಿರಿ, ಬಾಗಲಕೋಟೆ