ನಲಿ-ಕಲಿ ಕೊಠಡಿಯ ಬೆಂಚಿನ ವಿಚಾರ

ಪೋಷಕರೇ, ನಮಸ್ಕಾರ.

ಹೋದ ವಾರದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಜಾಸ್ತಿ ಹೊತ್ತು ನಡೆದದ್ದು ಬೆಂಚಿನ ಮಾತೇ. ಹೊಸ ಕೊಠಡಿ ಕಟ್ಟಿಸಿ ಮಕ್ಕಳನ್ನು ನೆಲದ ಮೇಲೆ ಕೂರಿಸ್ತೀರಲ್ಲ, ಕಾನ್ವೆಂಟಿನವರನ್ನು ನೋಡಿ ಕಲೀಬಾರದಾ ಅಂದಿರಿ. ಬೆಂಚಿಗೆ ನಾವೇ ಚಂದಾ ಎತ್ತುತ್ತೇವೆ ಅಂತಲೂ ಅಂದಿರಿ. ಅಷ್ಟು ಹೇಳಿದ್ದೇ ದೊಡ್ಡದು. ಆದರೆ ಆ ಕೊಠಡಿಗೆ ಬೆಂಚು ಬೇಡ.

ಒಂದರಿಂದ ಮೂರನೇ ತರಗತಿಯವರು ಅಲ್ಲಿ ಒಟ್ಟಿಗೆ ಕೂರುತ್ತಾರೆ. ನಲಿ-ಕಲಿ ಅಂದರೆ ಮಕ್ಕಳು ಗುಂಪಾಗಿ ಕೂತು, ಕಲಿಕೆಯ ಕಾರ್ಡು ಹಿಡಿದು ನಲಿಯುತ್ತಾ ಕಲಿಯುವ ಪದ್ಧತಿ; ಅದು ನಾವು ಸುಮ್ನೆ ಹುಟ್ಟಿಸಿಕೊಂಡದ್ದಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು, 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮಗು ತನ್ನ ಕಾರ್ಡ್ ತೆಗೆದುಕೊಂಡು ಗುಂಪಿಗೆ ಹೋಗಬೇಕು, ಮುಗಿದ ಮೇಲೆ ಎದ್ದು ಮುಂದಿನ ಗುಂಪಿಗೆ ಹೋಗಬೇಕು. ಬೆಂಚು ತುಂಬಿದರೆ ಓಡಾಡೋದೆಲ್ಲಿ?

ಗೋಡೆಯ ಬುಡದ ಕಪ್ಪು ಪಟ್ಟಿ ನೋಡಿ, "ಬಣ್ಣ ಸಾಲಲಿಲ್ವಾ ಮೇಡಂ" ಅಂತ ಒಬ್ಬರು ಕೇಳಿದರು. ಅದು ಮಕ್ಕಳ ಹಲಗೆ. ಕೂತಲ್ಲೇ ಬರೆಯಲಿ ಅಂತ ಒಬ್ಬೊಬ್ಬರಿಗೆ ಒಂದೊಂದು ಚೌಕ. ಅದಕ್ಕೆ ಬೆಂಚು ಒರಗಿಸಿದರೆ ಚೌಕವೇ ಕಾಣಲ್ಲ. ನೆಲವೂ ಪಾಠದ ಜಾಗವೇ: ಬಾಗಿಲ ಕೆಳಗೆ ಗೆರೆ ಎಳೆದು 30, 60, 90 ಡಿಗ್ರಿ ಅಂತ ಬರೆಸಿದ್ದೇವೆ. ಬಾಗಿಲು ತೆರೆದಷ್ಟೂ ಕೋನ ದೊಡ್ಡದಾಗುತ್ತೆ. ಐದನೇ ತರಗತಿಯವರು ದಿನಾ ಅದನ್ನು ಎಳೆದಾಡಿ ಕೀಲು ಸಡಿಲ ಮಾಡಿದ್ದಾರೆ, ಇರಲಿ.

ನೆಲ ತಣ್ಣಗಿರುತ್ತೆ, ಮಕ್ಕಳಿಗೆ ಶೀತ ಆಗುತ್ತೆ ಅನ್ನೋ ಮಾತು ನ್ಯಾಯವಾದದ್ದು. ಅದಕ್ಕೆ ಜಮಖಾನ ಹಾಸೋಣ. ನಾಲ್ಕನೇ ತರಗತಿಯಿಂದ ಬೆಂಚು ಇದ್ದೇ ಇದೆ, ಅದನ್ನು ಯಾರೂ ತೆಗೆಯಲ್ಲ. ಸಣ್ಣವರ ಕೊಠಡಿಗೆ ಮಾತ್ರ ಬೇಡ ಅನ್ನುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಬೆಂಚಿನಲ್ಲಿ ಕಾಣೋ ಮರ್ಯಾದೆ ನನಗೂ ಅರ್ಥವಾಗುತ್ತೆ. ಒಂದು ಬೆಳಿಗ್ಗೆ ಬಂದು ಕೂತು ನೋಡಿ, ಆಮೇಲೆ ಮಾತಾಡೋಣ.

ಇನ್ನು ಸಂಜೆ ಹೊತ್ತು ಸ್ತ್ರೀಶಕ್ತಿ ಸಂಘದವರಿಗೆ ಶಾಲೆಯ ವರಾಂಡ ಬಿಟ್ಟುಕೊಟ್ಟದ್ದಕ್ಕೆ ಬಂದ ಆಕ್ಷೇಪದ ವಿಷಯ. ಅವರು ತರಗತಿ ದಾಟದೆ ನೇರ ಒಳಗೆ ಬರಲಿ ಅಂತಲೇ ಆ ಕಡೆ ಬೇರೆ ಗೇಟು ಇಡಿಸಿದ್ದು. ನಲ್ಲಿಯೂ ಆ ಕಡೆಯೇ ಇದೆ. ನಾಲ್ಕೂವರೆಗೆ ಕೊಠಡಿಗಳಿಗೆಲ್ಲ ಬೀಗ ಬೀಳುತ್ತೆ. ಎಲೆಅಡಿಕೆ ಉಗಿದದ್ದು ತಪ್ಪೇ, ಸಮಿತಿ ಎಚ್ಚರಿಕೆ ಕೊಟ್ಟಿದೆ. ಆದರೆ ಅವರು ಬಂದುಹೋಗಲು ಶುರುವಾದ ಮೇಲೆ ಕಾಂಪೌಂಡಿನೊಳಗೆ ಇಸ್ಪೀಟು ನಿಂತಿದೆ, ನೀವೂ ನೋಡಿದ್ದೀರಿ ಅಲ್ವಾ?

ಬೆಂಚಿಗೆ ಅಂತ ಎತ್ತುವ ಚಂದಾದಲ್ಲಿ ದಪ್ಪನೆಯ ನಾಲ್ಕು ಜಮಖಾನ ತರಿಸಿಕೊಡಿ.

ಇಂತಿ,
ಮುಖ್ಯ ಶಿಕ್ಷಕಿ