2026ರ ಜುಲೈ 1ರ ನಂತರದ ಫೆಡರಲ್ ಸಾಲ: ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸಂಸತ್ತು (ಕಾಂಗ್ರೆಸ್) 2025ರಲ್ಲಿ ಮಾಡಿದ ಕಾನೂನಿನಿಂದ ಫೆಡರಲ್ ಸಾಲದ, ಅಂದರೆ ಅಲ್ಲಿನ ಕೇಂದ್ರ ಸರ್ಕಾರ ಓದಿಗೆ ಕೊಡುವ ಸಾಲದ, ಮಿತಿಗಳು ಬದಲಾಗಿವೆ. ತಂದೆತಾಯಿ ಪಡೆಯುವ ಪೇರೆಂಟ್ ಪ್ಲಸ್ ಸಾಲ ಒಂದು ಮಗುವಿಗೆ ವರ್ಷಕ್ಕೆ 20,000 ಡಾಲರ್, ಒಟ್ಟು 65,000 ಮಾತ್ರ. ಲೆಕ್ಕ ಹಾಕಿ ನೋಡಿ: ಮೊದಲ ಮೂರು ವರ್ಷ ಪೂರ್ತಿ ಎತ್ತಿದರೆ ಕೊನೇ ವರ್ಷಕ್ಕೆ ಉಳಿಯೋದು ಬರೀ 5,000.

ಪದವಿಯ ನಂತರದ ಓದಿಗೆ ವಿದ್ಯಾರ್ಥಿಗಳೇ ಪಡೆಯುತ್ತಿದ್ದ ಗ್ರಾಜುಯೇಟ್ ಪ್ಲಸ್ ಸಾಲ ಹೊಸಬರಿಗೆ ಇಲ್ಲ. ಎಂ.ಎಸ್., ಪಿಎಚ್.ಡಿ.ಗೆ ವರ್ಷಕ್ಕೆ 20,500, ಒಟ್ಟು 1 ಲಕ್ಷ. ಮೆಡಿಕಲ್, ಲಾಗೆ 50,000, ಒಟ್ಟು 2 ಲಕ್ಷ. ಮೆಡಿಕಲ್ ಫೀಸಿಗೆ ಇದು ಹಲವು ಕಡೆ ಸಾಲದು. ಈಗಿರುವ ಕೋರ್ಸಿಗೇ ಜುಲೈ 1ಕ್ಕೆ ಮುಂಚೆ ಫೆಡರಲ್ ಸಾಲ ತೆಗೆದಿದ್ದರೆ ಹಳೇ ಮಿತಿ ಮುಂದುವರಿಯುತ್ತದೆ, ಆದರೆ ಮೂರು ವರ್ಷಕ್ಕಿಂತ ಹೆಚ್ಚಿಲ್ಲ. ಮಧ್ಯೆ ಕಾಲೇಜು ಬದಲಿಸುವ ಮುನ್ನ ಫೈನಾನ್ಶಿಯಲ್ ಏಡ್ ಆಫೀಸಿನಲ್ಲಿ ಕೇಳಿ.

ಫೆಡರಲ್ ನೆರವಿಗೆ ಹಾಕುವ ಫಾಫ್ಸಾ (FAFSA) ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ. ಇನಿಶಿಯಲ್ಲೋ ಅಪ್ಪನ ಹೆಸರೋ, ಸೋಷಿಯಲ್ ಸೆಕ್ಯೂರಿಟಿ ಕಾರ್ಡಿನಲ್ಲಿ ಇರುವ ಹಾಗೇ ತುಂಬಿ. ಮಗುವಿನ ಲಾಗಿನ್‌ನಲ್ಲಿ ನೀವು ಸಹಿ ಹಾಕಬೇಡಿ. ನಿಮಗೆ ಬೇರೆ ಖಾತೆ ಬೇಕು. ತೆರಿಗೆ ಮಾಹಿತಿಗೆ ನೀವು ಒಪ್ಪಿಗೆ ಕೊಡದಿದ್ದರೆ ಫೆಡರಲ್ ನೆರವು ಸಿಗುವುದಿಲ್ಲ. 2026–27ರ ಶೈಕ್ಷಣಿಕ ವರ್ಷದ ಅರ್ಜಿಗೆ 2024ರ ತೆರಿಗೆ ವಿವರ.

ಊರಿಂದ ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಬರುವವರಿಗೆ ಇವ್ಯಾವುದೂ ಅನ್ವಯಿಸದು.