ಅಪರೂಪಕ್ಕೆ ಬರೆಯುವವರಿಗಾಗಿ

ಶಿರಸಿ

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆಯ ಕೊನೆಕೊಯ್ಲು ಮುಗಿಯಿತು. ಅಂಗಳದ ತುಂಬ ಚಾಲಿ ಒಣಗುತ್ತಿದೆ, ಕಾಲಿಡಲು ಜಾಗವಿಲ್ಲ.

ಕಳೆದ ವಾರ ಫೋನಿನಲ್ಲಿ ನಿನ್ನ ದನಿ ಕೇಳಿ ಬೇಜಾರಾಯಿತು. ಆ ಫೆಲೋಶಿಪ್ಪಿನ ಪ್ರಕಟಣೆ ಹೊರಬಿದ್ದು ಮೂರು ವಾರವಾಗಿತ್ತಂತೆ. ನಿನಗೆ ತಿಳಿದದ್ದು ಕೊನೆಯ ದಿನ ಕಳೆದು ಎರಡು ದಿನದ ಮೇಲೆ. "ಆ ಪೇಜ್ ಫಾಲೋ ಮಾಡ್ತಿದ್ದೆ ದೊಡ್ಡಪ್ಪಾ, ಆದ್ರೂ ನಂಗೆ ತೋರಿಸ್ಲೇ ಇಲ್ಲ" ಅಂದೆ. ನೋಡು, ಫಾಲೋ ಮಾಡುವವಳು ನೀನು, ತೋರಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಬೇರೆ. ಈ ಸಲ ತಪ್ಪು ನಿನ್ನದಲ್ಲ. ಇನ್ನೊಂದು ಸಲ ಹೀಗಾದರೆ ಮಾತ್ರ ಅರ್ಧ ತಪ್ಪು ನಿನ್ನದೇ ಕೂಸೇ. ಅದಕ್ಕೇ ವೆಬ್ ಫೀಡ್ ಬಗ್ಗೆ ಈ ಪತ್ರ.

ನಾನು ಕಾಲೇಜು ಲೈಬ್ರರಿಯಲ್ಲಿ 31 ವರ್ಷ ಕಳೆದವನು. ನಮ್ಮಲ್ಲಿ ಪ್ರತಿ ಪತ್ರಿಕೆಗೂ ಒಂದು ಕಾರ್ಡು ಇರುತ್ತಿತ್ತು. ಸಂಚಿಕೆ ಬಂದರೆ ಆ ತಿಂಗಳ ಚೌಕದಲ್ಲಿ ಗುರುತು. ಬರದಿದ್ದರೆ ಚೌಕ ಖಾಲಿ, ಏಜೆಂಟರಿಗೆ ಕಾಗದ. ಯಾವುದನ್ನು ತರಿಸಬೇಕು ಅಂತ ನಾವೇ ಕೂತು ಪಟ್ಟಿ ಮಾಡುತ್ತಿದ್ದೆವು. "ಇದು ನಿಮಗೆ ಇಷ್ಟ ಆಗ್ಲಿಕ್ಕಿಲ್ಲ ಸಾರ್" ಅಂತ ಅಂಚೆಯವನು ಒಂದು ಸಂಚಿಕೆಯನ್ನು ಚೀಲದಲ್ಲೇ ಉಳಿಸಿಕೊಂಡದ್ದು ಒಂದು ದಿನವೂ ಇಲ್ಲ. ವೆಬ್ ಫೀಡ್ ಅಂದರೆ ಅದೇ ಲೆಕ್ಕ.

ಒಳಗೆ ನಡೆಯುವುದು ಇಷ್ಟೇ. ವೆಬ್‌ಸೈಟು ತನ್ನ ಹೊಸ ಬರಹಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಅದರಲ್ಲಿ ತಲೆಬರಹ, ತಾರೀಖು, ಕೊಂಡಿ ಇರುತ್ತವೆ. ಕೆಲವರು ಇಡೀ ಬರಹವನ್ನೇ ಹಾಕುತ್ತಾರೆ, ಜಿಪುಣರು ಎರಡು ಸಾಲು ಹಾಕಿ ಬಿಡುತ್ತಾರೆ. ಫೀಡ್ ರೀಡರ್ ಅನ್ನುವ ನಿನ್ನ ಆ್ಯಪ್ ಆಗಾಗ ಹೋಗಿ ಆ ಫೈಲು ನೋಡಿ, ಹೊಸದೇನಿದೆಯೋ ಅದನ್ನಷ್ಟೇ ತಂದಿಡುತ್ತದೆ. ಬಂದ ಕ್ರಮದಲ್ಲೇ ಇಡುತ್ತದೆ. ಆ ವೆಬ್‌ಸೈಟಿಗೆ ನಿನ್ನ ಈಮೇಲ್ ಕೊಡಬೇಕಾಗಿಲ್ಲ. ಬೇಡ ಅನ್ನಿಸಿದರೆ ನಿನ್ನ ಪಟ್ಟಿಯಿಂದ ತೆಗೆದರಾಯಿತು, ಯಾರನ್ನೂ ಬೇಡಿಕೊಳ್ಳಬೇಕಾಗಿಲ್ಲ.

ಇದು ಹೊಸ ಸಂಗತಿಯೇನಲ್ಲ, ನಿನ್ನಷ್ಟೇ ವಯಸ್ಸು ಇದಕ್ಕೆ. 1999ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿಯಲ್ಲಿ ಆರ್‌ಎಸ್‌ಎಸ್ ಅನ್ನುವ ಫೀಡಿನ ನಮೂನೆ ಹುಟ್ಟಿತು. ಅದನ್ನು ಮಾಡಿದವರಲ್ಲಿ ನಮ್ಮ ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಒಬ್ಬರು. ಮರುವರ್ಷ ಬಂದ ಆರ್‌ಎಸ್‌ಎಸ್ 1.0 ಬರೆದವರ ಗುಂಪಿನಲ್ಲಿ ಏರನ್ ಸ್ವಾರ್ಟ್ಜ್ ಅನ್ನುವ ಹುಡುಗನಿದ್ದ. ಅವನಿಗೆ ಆಗ 14 ವರ್ಷ! ನಿನ್ನ ಅಪ್ಪ ಆ ವಯಸ್ಸಿನಲ್ಲಿ ಪೇರಲ ಮರ ಬಿಟ್ಟು ಇಳಿಯುತ್ತಿರಲಿಲ್ಲ. ನೀನು ದಿನಾ ಕೇಳುವ ಪಾಡ್‌ಕಾಸ್ಟುಗಳು ಹೆಚ್ಚಿನವು ಫೋನಿಗೆ ಬರುವುದೂ ಈ ದಾರಿಯಲ್ಲೇ.

ಶುರು ಮಾಡುವುದು ಸುಲಭ. ಫೀಡ್ಲಿ, ಇನೋರೀಡರ್ ಅನ್ನುವ ರೀಡರುಗಳಿವೆ, ಈಮೇಲ್ ನೋಡುವ ಥಂಡರ್‌ಬರ್ಡ್‌ನಲ್ಲೂ ಆಗುತ್ತದೆ. ಐಫೋನಿಗೆ ನೆಟ್‌ನ್ಯೂಸ್‌ವೈರ್ ಪುಕ್ಕಟೆ. ವೆಬ್‌ಸೈಟಿನ ವಿಳಾಸ ಅಂಟಿಸಿದರೆ ಫೀಡನ್ನು ಹೆಚ್ಚಾಗಿ ರೀಡರೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ಪುಟದ ಕೆಳಗೆ ಕಿತ್ತಳೆ ಚೌಕ ಹುಡುಕು, ಒಂದು ಚುಕ್ಕಿ, ಅದರ ಮೇಲೆ ಎರಡು ಕಮಾನು. ವರ್ಡ್‌ಪ್ರೆಸ್ ಸೈಟಾದರೆ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ಫೀಡ್ ಅಂತ ಬರೆ, ಸಾಮಾನ್ಯವಾಗಿ ಸಿಗುತ್ತದೆ.

ನಿನ್ನ ಕೆಲಸಕ್ಕೆ ಇನ್ನೂ ಒಂದಿದೆ. ಸಂಶೋಧನಾ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣದಲ್ಲಿ ನೀನು ಹುಡುಕುವ ಪದಗಳನ್ನೇ ಒಂದು ಫೀಡ್ ಮಾಡಿಕೊಳ್ಳಬಹುದು. ಅಡಿಕೆಯ ಎಲೆಚುಕ್ಕಿ ರೋಗ ಅಂತ ಒಮ್ಮೆ ಹುಡುಕಿ, ಅದರ ಫೀಡ್ ತೆಗೆದು ರೀಡರಿಗೆ ಹಾಕು. ಆ ಪದಗಳಿಗೆ ಹೊಂದುವ ಹೊಸ ಲೇಖನ ಅಲ್ಲಿ ಸೇರಿದಾಗ ನಿನ್ನ ಹತ್ತಿರ ತಾನಾಗಿ ಬರುತ್ತದೆ. ಏನಾದರೂ ಮದ್ದು ಸಿಕ್ಕಿದರೆ ಮೊದಲು ನನಗೆ ಹೇಳು, ಕೆಳಗಿನ ತೋಟದ ಗತಿ ನೀನೇ ನೋಡಿದ್ದೀಯಲ್ಲ.

ಈಗ ನಾನು ಮಾಡಿದ ದಡ್ಡತನ ಕೇಳು. ಆರಂಭದಲ್ಲಿ ಆಸೆಬುರುಕನ ಹಾಗೆ ನಾಲ್ಕು ದಿನಪತ್ರಿಕೆಗಳ ಫೀಡು ಹಾಕಿಕೊಂಡೆ. ಮದುವೆಗೆಂದು ಮೂರು ದಿನ ಸಾಗರಕ್ಕೆ ಹೋಗಿ ಬಂದರೆ ಓದದ್ದು 1,400! ಅದನ್ನೆಲ್ಲ ತೀರಿಸಲು ಕೂತು ಕಣ್ಣು ಉರಿ ಬಂತು. ನಿನ್ನ ದೊಡ್ಡಮ್ಮ ಬಂದು ನೋಡಿ, "ಇದೇನು, ಸಾಲ ಮಾಡ್ಕಂಡಿದ್ರಾ?" ಅಂದಳು. ಅವತ್ತೇ ನಾಲ್ಕನ್ನೂ ತೆಗೆದೆ. ಸುದ್ದಿ ತಾನಾಗೇ ಕಿವಿಗೆ ಬೀಳುತ್ತದೆ, ಅದಕ್ಕೆ ಫೀಡು ಬೇಡ.

ಫೀಡು ಬೇಕಾದದ್ದು ಅಪರೂಪಕ್ಕೆ ಬರೆಯುವವರಿಗೆ. ನಿವೃತ್ತ ರೇಂಜರ್ ಒಬ್ಬರು ಜೇಡಗಳ ಬಗ್ಗೆ ಬರೆಯುತ್ತಾರೆ. ವರ್ಷಕ್ಕೆ ಎರಡೋ ಮೂರೋ. ಅವರ ಬರಹಕ್ಕೆ ಲೈಕ್ ಇಲ್ಲ, ಶೇರ್ ಇಲ್ಲ, ಹಾಗಾಗಿ ಯಾವ ಆ್ಯಪೂ ಅದನ್ನು ಎತ್ತಿ ತೋರಿಸುವುದಿಲ್ಲ. ದಿನಾ ಹೋಗಿ ನೋಡುವ ತಾಳ್ಮೆ ನನಗೂ ಇಲ್ಲ. ಹೋದ ಮಳೆಗಾಲದಲ್ಲಿ 14 ತಿಂಗಳ ಮೇಲೆ ಒಂದು ಬರಹ ಬಂತು, ಬಂದ ದಿನವೇ ಓದಿದೆ. ಫೆಲೋಶಿಪ್ಪಿನ ಪ್ರಕಟಣೆಯೂ ಅದೇ ಜಾತಿ, ವರ್ಷಕ್ಕೊಂದು ಸಲ. ದಿನಾ ಕೂಗುವವರ ನಡುವೆ ವರ್ಷಕ್ಕೊಮ್ಮೆ ಕೆಮ್ಮುವವನ ಸದ್ದು ಕೇಳುವುದಿಲ್ಲ, ಅಲ್ವಾ? ಮೊದಲಿಗೆ ಇಂಥ ಹದಿನೈದು ಜಾಗ ಆರಿಸಿಕೋ, ಸಾಕು. ಆರು ತಿಂಗಳಿಗೊಮ್ಮೆ ಪಟ್ಟಿ ನೋಡಿ, ಓದದೇ ದಾಟಿಸುವುದನ್ನು ಕಿತ್ತುಹಾಕು. ಯಾರೂ ಮುಟ್ಟದ ಪತ್ರಿಕೆಗೆ ವರ್ಷವರ್ಷ ಬೈಂಡಿಂಗ್ ಮಾಡಿಸಿ ಕಪಾಟು ತುಂಬಿಸಿದವನ ಅನುಭವದ ಮಾತು ಇದು.

ಎಲ್ಲ ಕಡೆ ಫೀಡು ಇರುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಕೊಡುವುದಿಲ್ಲ. ಸರ್ಕಾರಿ ಪುಟಗಳಲ್ಲಿ ಎಷ್ಟೋ ಕಡೆ ಇಲ್ಲ. ಅಂಥವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಸೋಮವಾರಕ್ಕೊಮ್ಮೆ ಹೋಗಿ ನೋಡುವುದೇ ಸೈ.

ಮರೆಯುವ ಮುಂಚೆ ಇನ್ನೊಂದು. ಪಟ್ಟಿಯ ಪ್ರತಿ ನಿನ್ನ ಹತ್ತಿರ ಇರಲಿ. ಗೂಗಲ್ ರೀಡರ್ ಅಂತ ಒಂದಿತ್ತು, 2005ರಲ್ಲಿ ಬಂದು 2013ರ ಜುಲೈ 1ಕ್ಕೆ ಮುಚ್ಚಿತು. ಪಟ್ಟಿ ಇಳಿಸಿಕೊಂಡವರು ಬೇರೆ ರೀಡರಿಗೆ ಹೋದರು. ಈ ಪಟ್ಟಿಯ ಫೈಲಿಗೆ ಒಪಿಎಂಎಲ್ ಅನ್ನುತ್ತಾರೆ, ಸೆಟ್ಟಿಂಗ್ಸಿನಲ್ಲಿ ಎಕ್ಸ್‌ಪೋರ್ಟ್ ಅಂತ ಇರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸುವಾಗ ಮರೆತು 60 ವಿಳಾಸ ಕಳೆದುಕೊಂಡೆ. ಜೇಡದ ರೇಂಜರನ್ನು ಮತ್ತೆ ಹುಡುಕಲು ಎರಡು ದಿನ ಹಿಡಿಯಿತು.

ನಿನ್ನ ಪಟ್ಟಿ ಆದ ಮೇಲೆ ನನಗೂ ಒಂದು ಪ್ರತಿ ಕಳಿಸು, ನನ್ನದನ್ನು ಈ ಪತ್ರದ ಜೊತೆಗೇ ಮೇಲ್ ಮಾಡಿದ್ದೇನೆ. ಅದರಲ್ಲಿ ಅಡುಗೆಯ ಫೀಡು ಕಂಡರೆ ನಗಬೇಡ, ಅದು ದೊಡ್ಡಮ್ಮನದು. ಅಪ್ಪೆಹುಳಿ ತಪ್ಪಾಗಿ ಬರೆದವರು ಯಾರು ಅಂತ ನೋಡಲು ಇಟ್ಟುಕೊಂಡಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ